ವಿಲೀನ

ಮೊದಲು ಚಿಲಕ ಹಾಕು.
ಕೆಳಗೆ ಟೈರ್ ಅಂಗಡಿಯ ಫಯಾಜಣ್ಣ ಶಟರ್ ಎಳೆದು ಹೋಗಿಯಾಗಿದೆ,
ಆದರೂ ರಿಪ್ಪನ್‌ಪೇಟೆಯಲ್ಲಿ ಇಬ್ಬರು ಟೀಚರುಗಳು ಕುಡಿದರೆಂಬ ಸುದ್ದಿ
ಹೊಸನಗರದ ಬಸ್ಸಿಗಿಂತ ಮೊದಲೇ ಹೊಸನಗರ ಮುಟ್ಟುತ್ತದೆ.

ಬೇಕಾದದ್ದು ಹೆಚ್ಚೇನಿಲ್ಲ.
ಪೆಪ್ಪರಮೆಂಟು, ಕಿತ್ತಳೆ ತೊಳೆಯ ಆಕಾರದ್ದು,
ಮೈತುಂಬ ಸಕ್ಕರೆ ಹರಳು.
ನಮ್ಮಲ್ಲಿ ನಲವತ್ತಮೂರು ಉಳಿದಿವೆ.
ನೂರರ ಪೊಟ್ಟಣ ತರುವುದು ಹಳೇ ರೂಢಿ,
ಮಕ್ಕಳು ಅರವತ್ತಿದ್ದ ಕಾಲದ್ದು.
ಇವತ್ತು ಬಾವುಟ ಏರಿತು, ಏಳು ಮಕ್ಕಳು ಹಾಡಿದರು.
ತಲೆಗೆ ನಾಲ್ಕು ಕೊಟ್ಟೆವು, ಸಾಲದೆಂದು ಮತ್ತೆ ಎರಡೆರಡು,
ಅಧ್ಯಕ್ಷರಿಗೆ ಮೂರು, ಹಾಲಿನ ವ್ಯಾನಿನವನಿಗೆ ಎರಡು,
ಬೇಲಿಯಾಚೆ ಕುರುಚಲು ಕಡಿಯುತ್ತಿದ್ದವರಿಗೆ ಹತ್ತು.
ಲೆಕ್ಕ ಸರಿಯಿದೆ. ಐರಿನ್ ಮಿಸ್ಸು ಬರೆದಿಟ್ಟಿದ್ದಾರೆ.

ವೋಡ್ಕಾ ಕೂಡ ಅವರದೇ.
ಇಪ್ಪತ್ತಾರಕ್ಕೆ ಅಂಗಡಿ ಮುಚ್ಚಿರುತ್ತದೆಂದು
ಇಪ್ಪತ್ತೈದಕ್ಕೇ ಶಿವಮೊಗ್ಗದಿಂದ ತಂದದ್ದು,
ವರ್ಗಾವಣೆ ಪತ್ರಗಳ ಕೆಳಗೆ, ಟಿಫಿನ್ ಚೀಲದಲ್ಲಿ ಮಲಗಿಸಿ.

ಅಳತೆಗೆ ಕೆಮ್ಮಿನ ಔಷಧಿಯ ಮುಚ್ಚಳ.
ಆರು ಮುಚ್ಚಳಕ್ಕೆ ಹತ್ತು ಪೆಪ್ಪರಮೆಂಟು, ಒಬ್ಬರಿಗೆ.
ನಾನು ಕುಟ್ಟಾಣಿ ತೆಗೆದೆ.
ಬೇಡ, ಎಂದರು ಐರಿನ್. ಹಾಗೇ ಹಾಕು, ತಾನಾಗಿ ಕರಗಲಿ.
ರಾತ್ರಿಯಿಡೀ ಬಿಡುವ ತಾಳ್ಮೆ ಇಬ್ಬರಿಗೂ ಇರಲಿಲ್ಲ.
ಒಲೆ ಆರಿಸಿ, ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ನಿಲ್ಲಿಸಿ
ಆಗಾಗ ಕುಲುಕುತ್ತ ಕೂತೆವು,
ಹಠದ ಕೂಸಿಗೆ ನಿದ್ದೆ ಬರಿಸುವವರ ಹಾಗೆ.

ಹರಳು ಮೊದಲು ಹೋಯಿತು, ಆಮೇಲೆ ಅಂಚು,
ಆಮೇಲೆ ತೊಳೆಯ ಗೆರೆಗಳು.
ಐದನೇ ತರಗತಿ, ಪರಿಸರ ಅಧ್ಯಯನ:
ಕರಗಿದ ಸಕ್ಕರೆ ಎಲ್ಲಿಗೆ ಹೋಯ್ತು ಟೀಚರ್, ಅಂದಿದ್ದ ಚೂಡಾಮಣಿ.
ಎಲ್ಲೂ ಹೋಗಿಲ್ಲ ಮಗಾ, ಅಲ್ಲೇ ಇದೆ,
ಕಣ್ಣಿಗೆ ಕಾಣೋದಿಲ್ಲ, ನಾಲಿಗೆಗೆ ಗೊತ್ತಾಗ್ತದೆ.
ಅಷ್ಟು ಸಲೀಸಾಗಿ ಹೇಳಿಬಿಟ್ಟಿದ್ದೆ.

ಆದೇಶದಲ್ಲಿ ಬರೆದಿರುವುದೂ ಅದೇ ಶಬ್ದ.
ಸದರಿ ಶಾಲೆಯನ್ನು ಹತ್ತಿರದ ಶಾಲೆಯಲ್ಲಿ ವಿಲೀನಗೊಳಿಸತಕ್ಕದ್ದು.
ಹತ್ತಿರ ಎಂದರೆ ಐದೂವರೆ ಕಿಲೋಮೀಟರು,
ನಡುವೆ ಒಂದು ಸಂಕ,
ಅದರ ಮೂರನೇ ಹಲಗೆಗೆ ಮೊಳೆಯಿಲ್ಲ.

ಈಗ ಹುಳಿ.
ಬಿಸಿಯೂಟದ ಗುತ್ಯಮ್ಮ ಕೊಟ್ಟ ಗಜನಿಂಬೆ:
ಉಪ್ಪಿನಕಾಯಿ ಹಾಕ್ಕಳಿ ಟೀಚ್ರೆ,
ಹೊಸ ಊರಲ್ಲಿ ಊಟ ಸೇರದಿದ್ರೆ ಬೇಕಾಗ್ತದೆ.
ಕ್ಷಮಿಸು ಗುತ್ಯಮ್ಮ, ಅರ್ಧ ಹೋಳು ಇಲ್ಲಿಗೆ ಹಿಂಡಿದೆವು.
ಮೇಲೆ ಗೋಲಿ ಸೋಡಾ.
ಲೋಟದ ಬಾಯಿಗೆ ಉಪ್ಪು, ಖಾರದ ಪುಡಿ.
ಲೋಟ ಸ್ಟೀಲಿನದು, ವಲಯ ಮಟ್ಟದ ಖೋ ಖೋ,
ತೃತೀಯ ಸ್ಥಾನ ಎಂದು ಕೊರೆದಿದೆ,
ತೃತೀಯದ ತೃ ತಪ್ಪಾಗಿದೆ.

ರುಚಿ?
ಮೊದಲ ಗುಟುಕು ಪೂರಾ ಜೇಬಿನ ರುಚಿ,
ಬೆವರಿದ ಅಂಗೈಗೆ ಅಂಟಿದ ಬಣ್ಣದ ರುಚಿ.
ಆಮೇಲೆ ಗಂಟಲಲ್ಲಿ ಯಾರೋ ಬೆಂಚು ಎಳೆದಂತೆ.
ಐರಿನ್ ಕಣ್ಣು ಮುಚ್ಚಿ, ಪಾಸು, ಎಂದರು,
ಸ್ವಲ್ಪ ಹೊತ್ತು ಬಿಟ್ಟು, ಗ್ರೇಸ್ ಅಂಕ ಸೇರಿಸಿ.
ಎರಡನೆಯ ಲೋಟಕ್ಕೆ ಹಾಜರಿ ಕರೆಯತೊಡಗಿದರು,
ಪುಸ್ತಕವಿಲ್ಲದೆ, ಅದೇ ಕ್ರಮದಲ್ಲಿ,
ಹೆಸರಿಗೊಂದು ಗುಟುಕು.
ಏಳನೆಯ ಹೆಸರಿಗೆ ಲೋಟ ಖಾಲಿಯಿತ್ತು.
ಆದರೂ ಎತ್ತಿದರು.

ಪೊಟ್ಟಣದಲ್ಲಿ ಇನ್ನು ಇಪ್ಪತ್ತಮೂರು.
ನಾಳೆ ಮಕ್ಕಳಿಗೆ ಹಂಚೋಣ, ಏಳರಿಂದ ಭಾಗಿಸು, ಎಂದರು.
ಮೂರು ಮೂರು ಬಂತು.
ಶೇಷ ಎರಡು.
ಒಂದು ಅವರ ಬಾಯಿಗೆ, ಒಂದು ನನ್ನದಕ್ಕೆ.
ಕಚ್ಚಲಿಲ್ಲ ಇಬ್ಬರೂ,
ದವಡೆಯ ಆಚೆಗೊಮ್ಮೆ ಈಚೆಗೊಮ್ಮೆ ಸರಿಸುತ್ತ
ಪಾತ್ರೆ ತೊಳೆದೆವು.