ಕೋರಂ

ನಮ್ಮ ಕೇರಿಯದು ಒಟ್ಟು ನಲವತ್ತೇಳು ತಲೆ.
ಅರ್ಧ ಬೇಕು, ಅಂದರೆ ಇಪ್ಪತ್ತನಾಲ್ಕು,
ಬಂದವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರು.
ಎಂಟು.
ಅಂಗನವಾಡಿ ಜಗಲಿಯಲ್ಲಿ ನಿಂತು ಮತ್ತೆ ಎಣಿಸಿದೆ.
ಏಳೇ.

ಕಾರ್ಯದರ್ಶಿ ಗಡಿಯಾರ ನೋಡಿದ:
"ಹತ್ತು ನಿಮಿಷ. ಆಮೇಲೆ ಸಭೆ ಮುಂದಕ್ಕೆ."
ಕರೆಂಟಿನ ಕಂಬ ಮುಂದಕ್ಕೆ, ರಸ್ತೆ ಮುಂದಕ್ಕೆ,
ಶಾಲೆಯಲ್ಲಿ ನನ್ನೊಬ್ಬಳನ್ನು ಮಾತ್ರ
ಹಿಂದಕ್ಕೆ ಕೂರಿಸುತ್ತಿದ್ದರು.

ನಾಯಕಿ ಅಂತ ಯಾರೂ ನನ್ನನ್ನು ಆರಿಸಲಿಲ್ಲ.
ಹೊಸನಗರದ ಹಾಸ್ಟೆಲ್ಲಿನ ಸಾರಿನಲ್ಲಿ
ಬೇಳೆ ಹುಡುಕಿ ಹುಡುಕಿ ಬೇಜಾರಾಗಿ
ಒಂದು ಅರ್ಜಿ ಬರೆದೆ.
"ಮೊದಲು ಬರೆದವಳು ಯಾರೇ?" ಅಂದರು ವಾರ್ಡನ್.
ಕೈ ಎತ್ತಿದೆ, ಅಷ್ಟೆ.
ಇಳಿಸಲು ಆಮೇಲೆ ಪುರುಸೊತ್ತಾಗಲಿಲ್ಲ:

ಗೆಳತಿ ಸುನಂದಿಯ ಜಾತಿಪತ್ರಕ್ಕೆ ನಾಡಕಚೇರಿಗೆ ಆರು ಸಲ,
"ಹಸಲರು ಅಂದ್ರೆ ಎಂತ?" ಅಂದ ಹುಡುಗನಿಗೆ
ಪಟ್ಟಿಯಲ್ಲಿ ಬೆರಳಿಟ್ಟು ತೋರಿಸಿದ್ದು,
ಶಿವಮೊಗ್ಗದ ಧರಣಿಯಲ್ಲಿ ಮೈಕು ಕೈಗೆ ಬಂದಾಗ
ನನ್ನ ಹೆಸರು, ಕೇರಿಯ ಹೆಸರು ಹೇಳಿ
ಕಾಲು ನಡುಗಿ ಕೂತದ್ದು.
ಚಪ್ಪಾಳೆ ಯಾಕೆ ತಟ್ಟಿದರೋ.

ಗುಡ್ಡ ಹತ್ತಿ ಓಡಿದೆ.
ಅವ್ವ ಉಪ್ಪಾಗೆ ಮರದ ಬುಡದಲ್ಲಿ
ಸಿಪ್ಪೆ ಬೇರೆ, ಬೀಜ ಬೇರೆ ಮಾಡುತ್ತಿದ್ದಳು.
"ನಾ ಬಂದು ಎಂತ ಮಾಡ್ಲಿ? ನಂಗೆ ಮಾತು ಬರ್ತದಾ?"
"ಮಾತು ಬೇಡ. ಎಂಟನೆಯವಳಾಗು, ಸಾಕು."
"ಗಾರ್ಡು ಬಂದಿದಾನಾ?"
"ಬಂದಿದಾನೆ."
ಬುಟ್ಟಿ ಅಲ್ಲೇ ಬಿಟ್ಟಳು.
ಕತ್ತಿ ಬಿಡಲಿಲ್ಲ, ಸೊಂಟಕ್ಕೆ ಸಿಕ್ಕಿಸಿದಳು.
ನಾನೂ ಏನೂ ಹೇಳಲಿಲ್ಲ.

"ಎಪ್ಪತ್ತೈದು ವರ್ಷದ ದಾಖಲೆ ಎಲ್ಲಿ?"
"ಆ ಕಲಮು ನಮಗಲ್ಲ ಸಾರ್, ಇಲ್ಲಿ ಓದಿ…"
ಪುಟ ಮಡಚಿಟ್ಟ ಪುಸ್ತಕ ನಾನು ಬಿಚ್ಚುವಷ್ಟರಲ್ಲಿ
ಮಾತು ಬಾರದ ಅವ್ವ ಎದ್ದಳು.

"ಮುರುಗಲು ಮರದ ಬುಡದಲ್ಲಿ ನನ್ನತ್ತೆ.
ಅದರಾಚೆ ಮಾವ.
ಅದಕ್ಕೂ ಕೆಳಗೆ, ಹಳ್ಳದ ಬದಿ, ನನ್ನ ಮೊದಲ ಕೂಸು.
ಬೇಕಿದ್ರೆ ಅಗೆದು ನೋಡಿ.
ನಮ್ಮ ದಾಖ್ಲೆ ಅಲ್ಲೇ ಇಟ್ಟಿದ್ದು."

ಮೊದಲ ಕೂಸು.
ಇಪ್ಪತ್ತೆರಡು ವರ್ಷ
ಮೊದಲನೆಯವಳು ನಾನೇ ಅಂದುಕೊಂಡಿದ್ದೆ.
ನಡಾವಳಿ ಬರೆಯುತ್ತಿದ್ದ ಪೆನ್ನು ನಿಂತಿತು.

"ಬರಿ," ಅಂದಳು ಅವ್ವ, ನನ್ನ ಕಡೆ ನೋಡದೆ.

ಬರೆದೆ.
ಯಾವ ಕಾಲಮಿನಲ್ಲಿ ಎಂದು ತಿಳಿಯದೆ
ಅಂಚಿನಲ್ಲಿ, ಚಿಕ್ಕ ಅಕ್ಷರದಲ್ಲಿ.

ಇಂಕಿನ ಪ್ಯಾಡು ಬರುವ ಮೊದಲೇ
ಅವಳ ಹೆಬ್ಬೆಟ್ಟು ಹಾಳೆ ಮುಟ್ಟಿಯಾಗಿತ್ತು.
ಉಪ್ಪಾಗೆಯ ಕಲೆ. "ತೊಳೆದು ಬಾ" ಅಂದ ಕಾರ್ಯದರ್ಶಿ.
ತೊಳೆದಳು. ಹೋಗಲಿಲ್ಲ.

ಅರ್ಜಿ ಇನ್ನೂ ಸಾಗರದ ಮೇಜಿನ ಮೇಲಿದೆ.
ಗಾರ್ಡು ಇನ್ನೂ ಬುಟ್ಟಿ ಇಣುಕುತ್ತಾನೆ.
ಮೊನ್ನೆ ಪಕ್ಕದ ಕೇರಿಯ ಸಭೆಗೆ ಹೊರಟಿದ್ದೆ,
ಚಪ್ಪಲಿ ಹುಡುಕುತ್ತ ಅವ್ವ ಕೇಳಿದಳು:
"ಅಲ್ಲಿ ಎಷ್ಟು ತಲೆ ಕಮ್ಮಿ?"