ನಾಲ್ಕು, ಮೂರು, ಎರಡು, ಒಂದು

ಹಾಚಿನೊಹೆ ಬಂದರಿನ ಹಿಂದಿನ ಓಣಿಯಲ್ಲಿ
ಅಪ್ಪನ ಕ್ಷೌರದಂಗಡಿ. ಬಾಗಿಲ ಪಕ್ಕದ
ಕೆಂಪು ನೀಲಿ ಬಿಳಿ ಪಟ್ಟೆಯ ಕಂಬ
ನಲವತ್ತೊಂದು ವರ್ಷ ಸುತ್ತಿ ಸುತ್ತಿ
ಎಲ್ಲಿಗೂ ಹೋಗಲಿಲ್ಲ.

ನಲವತ್ತೊಂಬತ್ತನೇ ದಿನದ ಕಾರ್ಯ ಮುಗಿದ ಮೇಲೆ
ಕತ್ತರಿಗಳ ಡ್ರಾಯರಿನ ತಳದಲ್ಲಿ ಸಿಕ್ಕಿತು
ಎಣ್ಣೆ ಜಿಡ್ಡಿನ ಈ ಪುಸ್ತಕ.
ಹೆಸರು. ಹುಟ್ಟಿದ ವರ್ಷ. ರಕ್ತದ ಗುಂಪು.
ಆಮೇಲೆ ತಲೆ:
'ಹಣೆಯಿಂದ ಹಿಂದಕ್ಕೆ ಎರಡು ಬೆರಳು.'
'ನೆತ್ತಿಯಲ್ಲಿ ಚಟ್ನಿ ಬಟ್ಟಲಿನಷ್ಟು.'
'ಪೂರ್ತಿ. ಪಾಪ, ಮೂವತ್ತೊಂದಕ್ಕೇ.'

ಹತಕೆಯಾಮ, ಸ್ಕ್ವಿಡ್ ಹಿಡಿಯುವವನು, ಓ.
ರಾತ್ರಿ ದೋಣಿಯ ದೀಪದಡಿ ಟೊಪ್ಪಿಗೆ ತೆಗೆದರೆ
ಸ್ಕ್ವಿಡ್ಡೆಲ್ಲ ಅವನ ಕಡೆಗೇ ಬರುತ್ತಿದ್ದವಂತೆ.
ಅವನು ಹೇಳಿದ್ದನ್ನು ಅಪ್ಪ ಹಾಗೇ ಬರೆದುಕೊಂಡಿದ್ದಾನೆ.
ಇನೊಮಾತಾ ಮೇಷ್ಟ್ರು, ಎ.
ಎಡಗಿವಿಯಿಂದ ಬಲಗಿವಿಗೆ ಸೇತುವೆ ಕಟ್ಟಿದವರು;
ಕಡಲ ಗಾಳಿ ಬೀಸಿದರೆ
ಸೇತುವೆ ಎದ್ದು ನಿಂತು ಊರಿಗೆಲ್ಲ ಕೈಬೀಸುತ್ತಿತ್ತು.

ಇಷ್ಟಕ್ಕೆಲ್ಲ ಕಾರಣ ನನ್ನಜ್ಜಿ, ಅಮ್ಮನ ಅಮ್ಮ.
ಹೆಣ್ಣು ಕೇಳಲು ಬಂದವನಿಗೆ ಚಹಾ ಕೊಟ್ಟು
ಊರು ಕೇಳಲಿಲ್ಲ, ಗಳಿಕೆ ಕೇಳಲಿಲ್ಲ,
'ಯಾವ ಗುಂಪು?' ಅಂದಳು.
'ಬಿ.'
'ಬಿ ಗಂಡಸು ತನ್ನ ಮೂಗಿನ ನೇರಕ್ಕೇ ನಡೆಯುವವನು.
ಕೂದಲೂ ನಿಲ್ಲುವುದಿಲ್ಲ ಅವರಿಗೆ.'
ಅಮ್ಮ ಹಟ ಹಿಡಿದಳು, ಮದುವೆಯಾಯಿತು.
ಅಪ್ಪನ ಕೂದಲು ಮಾತ್ರ
ಅತ್ತೆಯ ಮಾತು ಕೇಳಿತು.

ಅವತ್ತು ಶುರುವಾದ ಪುಸ್ತಕ.
ಒಂದು ಬಾಯಿ ಮುಚ್ಚಿಸಲು
ಆರುನೂರ ಎಂಬತ್ತು ತಲೆ.

ರಾತ್ರಿಯೆಲ್ಲ ಕೂತು ಕೂಡಿದೆ.
ಬೋಳಾದವರು: ಎ ನಾಲ್ಕು ಪಾಲು, ಓ ಮೂರು,
ಬಿ ಎರಡು, ಎಬಿ ಒಂದು.
ಕೂದಲು ಉಳಿದವರು: ಎ ನಾಲ್ಕು, ಓ ಮೂರು,
ಬಿ ಎರಡು, ಎಬಿ ಒಂದು.
ಊರೂ ಅಷ್ಟೇ, ದೇಶವೂ ಹೆಚ್ಚುಕಡಿಮೆ ಅಷ್ಟೇ.
ಬೆಟ್ಟ ಅಗೆದದ್ದಾಯಿತು, ಇಲಿಯೂ ಸಿಗಲಿಲ್ಲ.
ಅಪ್ಪನಿಗೆ ಮೊದಲೇ ಗೊತ್ತಾಗಿತ್ತು.
ಅಂಚಿನಲ್ಲಿ ಪೆನ್ಸಿಲಿನಿಂದ: 'ಅತ್ತೆ ಸೋತರು.'
ತಾರೀಕು ನೋಡಿದೆ. ಅಜ್ಜಿ ಹೋಗಿ ಆಗಲೇ ಆರು ವರ್ಷ.

ಗೆದ್ದ ಮೇಲೂ ಯಾಕೆ ಬರೆದ,
ಇನ್ನೂ ಹದಿನೆಂಟು ವರ್ಷ?

ಕೊನೆಯ ಚಳಿಗಾಲ ಅಪ್ಪನಿಗೆ ರಕ್ತ ಕೊಡಬೇಕಾಯಿತು.
ದಾದಿ ಚೀಟಿ ಓದಿದಳು: 'ಓ.'
'ಬಿ,' ಅಂದ ಅಪ್ಪ.
'ಓ, ತಾತ. ಎರಡು ಸಲ ನೋಡಿದ್ದೇವೆ.'
ಹುಟ್ಟಿದಾಗ ಯಾರೋ ಅವಸರದಲ್ಲಿ ಬರೆದದ್ದಿರಬೇಕು.
ಎಪ್ಪತ್ನಾಲ್ಕು ವರ್ಷ ಬಿ ಆಗಿ ಬದುಕಿದವನು,
ತಟ್ಟೆ ಒಡೆದರೂ, ಮಾತು ಬಿಟ್ಟರೂ
'ಏನು ಮಾಡಲಿ, ಬಿ' ಅನ್ನುತ್ತಿದ್ದವನು
ಮಂಚ ಕಿರುಗುಟ್ಟುವಷ್ಟು ನಕ್ಕ.
ಕೊಳವೆಯಲ್ಲಿ ಯಾರದೋ ರಕ್ತ ಇಳಿಯುತ್ತಿತ್ತು;
ಅವನಿಗೆ ಕೂದಲಿತ್ತೋ ಇಲ್ಲವೋ
ಯಾರೂ ಕೇಳಲಿಲ್ಲ.

ಪುಸ್ತಕದ ಮೊದಲ ಸಾಲು ಅಪ್ಪನದೇ.
ತೊಮೆಕಿಚಿ. ಬಿ. ಪೂರ್ತಿ.
ರಬ್ಬರು ಕೈಗೆತ್ತಿಕೊಂಡೆ. ಉಜ್ಜಲಿಲ್ಲ.
ಆರುನೂರ ಎಂಬತ್ತರಲ್ಲಿ
ಇನ್ನೆಷ್ಟು ಜನ ಹೀಗೋ.

ಬೆಳಿಗ್ಗೆ ಕಂಬದ ಗುಂಡಿ ಒತ್ತಿದೆ.
ಹತಕೆಯಾಮ ಬಂದ, ಎಂಬತ್ತೊಂದು ಈಗ,
ಟೊಪ್ಪಿಗೆಯನ್ನು ಕೊಕ್ಕೆಗೆ ಸಿಕ್ಕಿಸಿ
'ಅರ್ಧ ತಲೆ, ಅರ್ಧ ದುಡ್ಡು' ಅಂದ, ಎಂದಿನಂತೆ.
ಬಿಸಿ ಟವೆಲ್ಲು ಮುಖಕ್ಕೆ ಮುಚ್ಚಿದೆ.
ಕಿವಿಯ ಹಿಂದಿನ ಹತ್ತು ಎಳೆ ಬಾಚುತ್ತಿದ್ದಾಗ
ಟವೆಲ್ಲಿನ ಒಳಗಿಂದ ದನಿ:
'ನಾನು ಓ ಅಂತ ಅಮ್ಮ ಹೇಳಿದ್ದು.
ಅವತ್ತು ಕಾಲಿಗೆ ಗಾಳ ಹೊಕ್ಕಿತ್ತು, ಒಂಬತ್ತು ವರ್ಷ ನನಗೆ,
ಹಿಮದಲ್ಲಿ ಹೊತ್ತುಕೊಂಡು ನಡೆದಳು,
ದಾರಿಯುದ್ದಕ್ಕೂ...'

ನಾನೇನೂ ಕೇಳಿರಲಿಲ್ಲ.
ಕತ್ತರಿ ನಿಲ್ಲಿಸಿ ಪೆನ್ಸಿಲು ಹುಡುಕಿದೆ.