ಅರ್ಧ ಪರ್ಸೆಂಟು

ಗೋಕುಲ ರೋಡಿನ ಶೆಡ್ಡಿಗೆ ಕಾರು ಬಂತು.
ಕಬ್ಬಿಣದ ಚೂರು ಬೂಟಿಗೆ ಹತ್ತೀತಂತ
ಬಾಗಲದಾಗ ನಿಂತು ಕೇಳಿದ್ರು:
ಅಡಿವೆಪ್ಪ ಕಮ್ಮಾರ ಅಂದ್ರೆ ಯಾರು?

ನಾನ ರೀ. ಲೇತಿನವ.
ಮೆಣಸಿನಕಾಯಿ ಬಣ್ಣ ನೋಡಿ ಆರಿಸೋ ಮಷೀನಿಗೆ
ಹಿತ್ತಾಳಿ ನಾಜಲ್ ಮಾಡಿಸಿದ್ಲು ಶಾಹೀನಾ.
ಆರು ಕೆಟ್ಟು ಏಳನೇದು ಕೂತಿತ್ತು.
ರೊಕ್ಕ ಇರಲಿಲ್ಲ ಹುಡುಗಿ ಕಡೆ;
ಬಿಲ್ಲಿನ ಹಿಂದ ಬರದು ಸಹಿ ಮಾಡಿ ಕೊಟ್ಟಿದ್ಲು,
ಅರ್ಧ ಪರ್ಸೆಂಟು.
ನಾ ನಕ್ಕಿದ್ದೆ. ಗಿರಮಿಟ್ಟಿನ ಪ್ಲೇಟಿನಾಗ
ಅದು ಒಂದು ಚುರಮರಿ ಕಾಳು.

ಹನ್ನೆರಡು ಕೋಟಿ ಹಾಕ್ತಿದ್ದೀವಿ ಅಂದ್ರು,
ಪಾಲುದಾರರ ಪಟ್ಟಿ ಸ್ವಚ್ಛವಾಗಿರಬೇಕು,
ಎರಡು ಲಕ್ಷ ತಗೊಳ್ಳಿ, ಇಲ್ಲೊಂದು ಸೈನ್.

ಶಾಹೀನಾ ಕಿಟಕಿ ಕಡೆ ನೋಡಿದ್ಲು.
ಅಕಿದು ತಪ್ಪಲ್ಲ; ಹದಿನಾಲ್ಕು ಮಂದಿ ಪಗಾರ
ಅಕಿ ಕೊಳ್ಳಾಗ ಐತಿ.

ಅರ್ಧ ಅಂದ್ರ ಸಣ್ಣದಲ್ರೀ ಸರ.
ಅರ್ಧ ಎಂಎಂ ತಪ್ಪಿದ್ದಕ್ಕ
ಆರು ನಾಜಲ್ ಗುಜರಿಗೆ ಹಾಕೇನಿ.

ಲೇತ್ ಬಂದ್ ಮಾಡಿ ಹೇಳಬೇಕಿತ್ತು ಇದನ್ನ.
ಆ ಸಪ್ಪಳದಾಗ ಕೇಳಿಸ್ತೋ ಇಲ್ಲೋ,
ಚಾಚಿದ ಪೆನ್ನು ಹಂಗ ಇತ್ತು.

ಕೈಗೆ ಎಣ್ಣಿ ಹತ್ತೇತ್ರಿ, ಅಂದೆ.